ಮಷಿನ್ ಎಂಬ್ರಾಯಿಡರಿ ಕೆಲಸಕ್ಕೆ ಸೇರುವವರಿಗೊಂದು ಕೈಪಿಡಿ

ಬೆಳಗಾವಿಯ ಶಹಾಪುರ, ವಡಗಾಂವ, ಖಾಸಬಾಗದ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತಲೇ ಬೆಳೆದವರಿಗೆ ಬಟ್ಟೆಯ ಕೆಲಸ ಹೊಸದೇನಲ್ಲ. ಆದರೆ ಡಿಸೈನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿಯ ಪರಿಣತರಾಗಿ ಸೇರಿಕೊಳ್ಳುವುದೆಂದರೆ ಏನು, ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವ ಕೆಲಸ ಹೇಗೆ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಕ್ರಮವಾಗಿ ಹೇಳಿಕೊಡುವವರು ಕಡಿಮೆ. ಹನ್ನೊಂದು ವರ್ಷದಿಂದ ಈ ಊರಿನಲ್ಲಿ ಇದೇ ಕೆಲಸ ಮಾಡುತ್ತಿರುವ ನಾನು, ಹೊಸದಾಗಿ ಬರುವ ಹುಡುಗಿಯರಿಗೂ ಹುಡುಗರಿಗೂ ಮೊದಲ ತಿಂಗಳಲ್ಲಿ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಭಾಗದಲ್ಲಿ ಕಸೂತಿ ಎಂಬ ಹೆಸರಿಗೆ ಬೇರೆಯೇ ತೂಕವಿದೆ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಕೈಯಿಂದ ಹೊಲಿಯುವ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ಹೊಲಿಗೆಗಳಿಗೆ ಮಾತ್ರ ಅದು ಸಲ್ಲುತ್ತದೆ. ಆದ್ದರಿಂದ ಯಂತ್ರದ ಕೆಲಸವನ್ನು ನಾನು ಎಂಬ್ರಾಯಿಡರಿ ಎಂದೇ ಕರೆಯುತ್ತೇನೆ.

ಕೆಲಸ ಯಾವುದೆಂದು ತಿಳಿದುಕೊಳ್ಳಿ

ಡಿಸೈನ್ ಕಂಪನಿಯಲ್ಲಿ ಚಿತ್ರ ಬರೆಯುವವರು ಒಬ್ಬರು, ಮಷಿನ್ ಓಡಿಸುವವರು ಇನ್ನೊಬ್ಬರು ಇರುತ್ತಾರೆ. ಇವರಿಬ್ಬರ ನಡುವೆ ನಿಂತು, ಪರದೆಯ ಮೇಲಿನ ಚಿತ್ರವನ್ನು ಸೂಜಿ ಎಲ್ಲಿ ಇಳಿಯಬೇಕು, ಯಾವ ದಿಕ್ಕಿಗೆ ಹೋಗಬೇಕು, ಯಾವ ಬಣ್ಣ ಮೊದಲು ಬರಬೇಕು ಎಂಬ ಆದೇಶಗಳಾಗಿ ಬದಲಿಸುವವರೇ ನಾವು. ಈ ಬದಲಾಯಿಸುವ ಕೆಲಸಕ್ಕೆ ಪುಸ್ತಕದಲ್ಲಿ ಡಿಜಿಟೈಸಿಂಗ್ ಎಂದು ಹೆಸರಿದ್ದರೂ ನಮ್ಮಲ್ಲಿ ಎಲ್ಲರೂ ಪಂಚಿಂಗ್ ಎನ್ನುತ್ತಾರೆ. ಹಿಂದೆ ಉದ್ದನೆಯ ಕಾಗದದ ಪಟ್ಟಿಗೆ ರಂಧ್ರ ಹೊಡೆದು ಮಷಿನ್‌ಗೆ ಆದೇಶ ಕೊಡುತ್ತಿದ್ದ ಕಾಲದಿಂದ ಉಳಿದುಬಂದ ಮಾತು ಅದು.

ಪಂಚಿಂಗ್ ಒಂದೇ ನಮ್ಮ ಕೆಲಸವಲ್ಲ. ಬಟ್ಟೆಗೆ ಒಪ್ಪುವ ದಾರ, ಸೂಜಿ, ಹೊಲಿಯುವಾಗ ಬಟ್ಟೆ ಸರಿಯದಂತೆ ಅದರ ಹಿಂಬದಿಗೆ ಇಡುವ ಪೇಪರ್ ಆರಿಸುವುದು, ಸ್ಯಾಂಪಲ್ ತೆಗೆಯುವುದು, ತಪ್ಪು ಬಂದಾಗ ಅದು ಫೈಲಿನದೋ ಮಷಿನ್‌ನದೋ ಎಂದು ಹೇಳುವುದು, ಸಮಯ ಮತ್ತು ದರದ ಅಂದಾಜು ಕೊಡುವುದು ಎಲ್ಲವೂ ನಮ್ಮ ಪಾಲಿಗೇ ಬರುತ್ತದೆ. ಸಂದರ್ಶನಕ್ಕೆ ಹೋದಾಗ ಕಂಪನಿಯು ಇವುಗಳಲ್ಲಿ ಯಾವುದನ್ನು ನಿಮ್ಮಿಂದ ನಿರೀಕ್ಷಿಸುತ್ತದೆ ಎಂದು ಬಾಯಿಬಿಟ್ಟು ಕೇಳಿ. ಪಂಚಿಂಗ್‌ಗೆಂದು ಸೇರಿಸಿಕೊಂಡು ದಿನವಿಡೀ ದಾರ ಕತ್ತರಿಸಲು ಕೂರಿಸುವ ಕಡೆ ಕೈ ಪಳಗುವುದಿಲ್ಲ.

ಕಲಿಕೆ, ಮತ್ತು ಸ್ಯಾಂಪಲ್ ಪುಸ್ತಕ

ಐಟಿಐಗಳಲ್ಲಿ ಸರ್ಫೇಸ್ ಆರ್ನಮೆಂಟೇಷನ್ ಟೆಕ್ನಿಕ್ಸ್ ಎಂಬ ಹೆಸರಿನ ಒಂದು ವರ್ಷದ ಎಂಬ್ರಾಯಿಡರಿ ಕೋರ್ಸ್ ಇದೆ. ನಿಮ್ಮ ಹತ್ತಿರದ ಐಟಿಐಯಲ್ಲಿ ಈ ವಿಷಯ ನಡೆಯುತ್ತದೆಯೇ ವಿಚಾರಿಸಿ. ಕೋರ್ಸ್ ಮಾಡದಿದ್ದರೂ ಚಿಂತೆಯಿಲ್ಲ, ಆದರೆ ಹೊಲಿಗೆ ಮಷಿನ್ ಮೇಲೆ ಕುಳಿತು ಕನಿಷ್ಠ ಕೆಲವು ತಿಂಗಳು ಬಟ್ಟೆಯೊಡನೆ ಹೆಣಗಿರಬೇಕು. ವಿಲ್ಕಾಮ್‌ನಂಥ ಸಾಫ್ಟ್‌ವೇರ್ ಎರಡು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಬಟ್ಟೆ ಯಾವ ದಿಕ್ಕಿಗೆ ಜಗ್ಗುತ್ತದೆ, ಯಾವ ದಿಕ್ಕಿಗೆ ಜಗ್ಗುವುದಿಲ್ಲ ಎಂಬುದು ಬೆರಳಿಗೆ ಗೊತ್ತಾಗಲು ಅದಕ್ಕಿಂತ ಹೆಚ್ಚು ದಿನ ಬೇಕು.

ಕೆಲಸ ಕೇಳಲು ಹೋಗುವಾಗ ಮೊಬೈಲ್‌ನಲ್ಲಿರುವ ಫೋಟೋ ತೋರಿಸುವ ಬದಲು ಬಟ್ಟೆಯ ತುಂಡುಗಳನ್ನೇ ಒಯ್ಯಿರಿ. ಹತ್ತಿ, ಖಣ, ಜಾರ್ಜೆಟ್, ಟೀ ಶರ್ಟಿನ ಹೆಣೆದ ಬಟ್ಟೆ, ವೆಲ್ವೆಟ್ ಈ ಐದರ ಮೇಲೂ ಒಂದೇ ಹೂವನ್ನು ಹಾಕಿ, ಪ್ರತಿ ತುಂಡಿನ ಕೆಳಗೆ ದಾರ, ಸೂಜಿ, ಪೇಪರ್ ಮತ್ತು ಹೊಲಿಗೆಯ ಅಂತರವನ್ನು ಪೆನ್ನಿನಿಂದ ಬರೆದಿಡಿ. ಒಂದೇ ಹೂವು ಐದು ಬಟ್ಟೆಗೆ ಐದು ರೀತಿಯ ಫೈಲ್ ಬೇಡಿದೆ ಎಂಬುದು ಆ ಪುಟಗಳಲ್ಲಿ ಕಾಣಿಸಿದರೆ, ಕೆಲಸ ಬಲ್ಲ ಮಾಲೀಕರು ಇನ್ನೇನನ್ನೂ ಕೇಳುವುದಿಲ್ಲ.

ಕೆಲಸ ಒಪ್ಪಿಕೊಳ್ಳುವಾಗ ಕೇಳಬೇಕಾದದ್ದು

ಡಿಸೈನರ್ ಚಿತ್ರ ಕಳಿಸಿದ ಕೂಡಲೇ ಸಾಫ್ಟ್‌ವೇರ್ ತೆರೆಯಬೇಡಿ. ಬಟ್ಟೆ ಯಾವುದು, ಅದರ ಮೇಲೆ ಚಿತ್ರ ಎಲ್ಲಿ ಕೂರಬೇಕು, ಸೆಂಟಿಮೀಟರ್ ಲೆಕ್ಕದಲ್ಲಿ ಅಳತೆ ಎಷ್ಟು, ಎಷ್ಟು ನಗ ಬೇಕು, ಬಟ್ಟೆಯನ್ನು ನೀರಿನಲ್ಲಿ ಒಗೆಯುತ್ತಾರೋ ಡ್ರೈಕ್ಲೀನ್ ಮಾಡಿಸುತ್ತಾರೋ, ಒಳಭಾಗ ಮೈಗೆ ತಾಗುತ್ತದೆಯೋ ಅಸ್ತರ್ ಬರುತ್ತದೆಯೋ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆಯೇ ಕೆಲಸ ಆರಂಭಿಸಬೇಕು. ಎಳೆ ಮಕ್ಕಳ ಅಂಗಿಯಾದರೆ ಹಿಂಬದಿಯ ಒರಟು ಪೇಪರ್ ಮೈಗೆ ಚುಚ್ಚುತ್ತದೆ. ಇದು ಮೊದಲೇ ಗೊತ್ತಿದ್ದರೆ ಮೃದುವಾದ ಪೇಪರ್ ಹಾಕಿ, ಅದಕ್ಕೆ ತಕ್ಕಂತೆ ಹೊಲಿಗೆಯನ್ನು ಹಗುರ ಮಾಡಬಹುದು.

ಸರ್ಕಾರದ ಲಾಂಛನ ಇರುವ ಬ್ಯಾಡ್ಜ್ ಅಥವಾ ಪಟ್ಟಿಯ ಕೆಲಸ ಬಂದರೆ ಸಂಬಂಧಪಟ್ಟ ಕಚೇರಿಯ ಲಿಖಿತ ಆದೇಶ ನೋಡದೆ ಒಪ್ಪಿಕೊಳ್ಳಬೇಡಿ. ಭಾರತದ ರಾಷ್ಟ್ರ ಲಾಂಛನವನ್ನು ಮನಬಂದಂತೆ ಬಳಸುವುದನ್ನು 2005ರ ಕಾಯ್ದೆ ತಡೆಯುತ್ತದೆ. ದಂಡು ಪ್ರದೇಶವೂ ಸುವರ್ಣ ವಿಧಾನಸೌಧವೂ ಇರುವ ನಮ್ಮ ಊರಿನಲ್ಲಿ ಇಂಥ ಕೆಲಸ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ.

ಬಟ್ಟೆಯನ್ನು ತಿಳಿದುಕೊಳ್ಳುವುದು

ಈ ಹೆಜ್ಜೆಗೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಾನು ಕಂಡ ಹಾಳಾದ ಕೆಲಸಗಳಲ್ಲಿ ಹೆಚ್ಚಿನವು ಇಲ್ಲಿಯೇ ಹಾಳಾದವು.

ಸೇರಿದ ಎರಡನೇ ವರ್ಷ ಒಂದು ಮದುವೆಯ ಕೆಲಸ ಬಂದಿತ್ತು. ಮದುಮಗಳ ತಾಯಿ ತಮ್ಮ ತವರಿನವರು ಕೊಟ್ಟಿದ್ದ ಗುಳೇದಗುಡ್ಡದ ಖಣವನ್ನು ಹತ್ತಾರು ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದು, ಅದರಲ್ಲಿ ಮಗಳಿಗೆ ಜಂಪರ್ ಹೊಲಿಸಿ ತೋಳಿಗೆ ಜರಿಯ ಬಳ್ಳಿ ಹಾಕಿಸಬೇಕೆಂದು ತಂದಿದ್ದರು. ಹೊಸ ಹತ್ತಿ ಬಟ್ಟೆಯ ಮೇಲೆ ಚೆನ್ನಾಗಿ ಬಂದಿದ್ದ ಫೈಲನ್ನೇ ನಾನು ಆ ಖಣದ ಮೇಲೆ ನೇರವಾಗಿ ಓಡಿಸಿದೆ. ಬಳ್ಳಿಯ ಅರ್ಧ ಮುಗಿಯುವಷ್ಟರಲ್ಲಿ ಬಟ್ಟೆ ಸುತ್ತಲೂ ನೆರಿಗೆಗಟ್ಟಿತು. ಬಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದ ಫ್ರೇಮ್ ತೆಗೆದು ನೋಡಿದರೆ ಹಳೆಯ ಎಳೆಗಳು ಸೂಜಿಯ ದಾರಿಯುದ್ದಕ್ಕೂ ಕಡಿದುಹೋಗಿದ್ದವು. ಅಂಥ ಬಣ್ಣದ ಖಣ ಮತ್ತೆ ಸಿಗುವಂತಿರಲಿಲ್ಲ. ಆ ತಾಯಿ ನನ್ನನ್ನು ಬಯ್ಯಲಿಲ್ಲ. ಬಟ್ಟೆಯನ್ನು ಮಡಿಚಿ, ಕಡಿದ ಭಾಗ ಒಳಗೆ ಬರುವಂತೆ ಇನ್ನೊಮ್ಮೆ ಮಡಿಚಿ, ಚೀಲದಲ್ಲಿ ಇಟ್ಟುಕೊಂಡು ಎದ್ದರು. ಅಂದಿನಿಂದ ಗಿರಾಕಿಯ ಸ್ವಂತ ಬಟ್ಟೆಯ ಅಂಚಿನಲ್ಲಿ, ಹೊಲಿಗೆಯೊಳಗೆ ಹೋಗುವ ಜಾಗದಲ್ಲಿ, ಎರಡು ಸೆಂಟಿಮೀಟರ್ ಹೊಲಿದು ನೋಡದೆ ನಾನು ಕೆಲಸಕ್ಕೆ ಕೈ ಹಾಕಿಲ್ಲ.

ಬಟ್ಟೆ ಕೈಗೆ ಬಂದಾಗ ಅದನ್ನು ಹಾಸಿನ ದಿಕ್ಕಿಗೆ, ಹೊಕ್ಕಿನ ದಿಕ್ಕಿಗೆ, ಬಳಿಕ ಓರೆಯಾಗಿ ಜಗ್ಗಿ ನೋಡಿ. ಬೆಳಕಿಗೆ ಹಿಡಿದು ಎಳೆಗಳ ಸಾಂದ್ರತೆ ನೋಡಿ. ಉಗುರಿನಿಂದ ಮೆಲ್ಲಗೆ ಗೀರಿದಾಗ ಎಳೆ ಸರಿಯುವುದಾದರೆ ಅಗಲವಾದ ಸ್ಯಾಟಿನ್ ಹೊಲಿಗೆ, ಅಂದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಒತ್ತೊತ್ತಾಗಿ ಹಾಯುವ ಹೊಲಿಗೆ, ಅದಕ್ಕೆ ಆಗಿಬರುವುದಿಲ್ಲ. ಹಳೆಯ ಬಟ್ಟೆಯ ಅಂಚಿನಿಂದ ಒಂದು ಎಳೆ ಬಿಡಿಸಿ ಎರಡೂ ಕೈಯಿಂದ ಎಳೆದು ನೋಡಿ. ಸದ್ದಿಲ್ಲದೆ ತುಂಡಾದರೆ ಆ ಬಟ್ಟೆಯ ಮೇಲೆ ನೇರವಾಗಿ ಹೊಲಿಯದೆ, ಬೇರೆ ತೆಳು ಬಟ್ಟೆಯ ಮೇಲೆ ಚಿತ್ರ ತೆಗೆದು ಅಂಚು ಕತ್ತರಿಸಿ ಕೈಯಿಂದ ಜೋಡಿಸುವಂತೆ ಸಲಹೆ ಕೊಡಿ.

ಖಣದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಮೈತುಂಬ ನೇಯ್ದ ಸಣ್ಣ ಬುಟ್ಟಿಗಳು, ಅಂದರೆ ಪುಟ್ಟ ನಮೂನೆಗಳು, ಸಾಲಾಗಿ ಇರುವುದರಿಂದ, ನಮ್ಮ ಚಿತ್ರ ಅರ್ಧ ಡಿಗ್ರಿ ವಾಲಿದರೂ ಕಣ್ಣಿಗೆ ಹೊಡೆಯುತ್ತದೆ. ಫ್ರೇಮ್ ಹಾಕುವಾಗ ಬುಟ್ಟಿಗಳ ಸಾಲನ್ನೇ ಗೆರೆಯೆಂದು ಹಿಡಿದು ಸೀಸಕಡ್ಡಿಯ ಬದಲು ದರ್ಜಿಯ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಬುಟ್ಟಿ ತುಂಬಿದ ಬಟ್ಟೆಗೆ ಸಣ್ಣ ಸಣ್ಣ ಹೂಗಳ ಡಿಸೈನ್ ಬಂದರೆ, ಎರಡೂ ಒಂದನ್ನೊಂದು ನುಂಗಿಹಾಕುತ್ತವೆ ಎಂದು ಡಿಸೈನರ್‌ಗೆ ಹೇಳುವ ಧೈರ್ಯ ನಿಮಗಿರಬೇಕು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿಯ ಸಾಲಿನ ಮೇಲೆ ಫ್ರೇಮಿನ ಅಂಚು ಕೂರದಂತೆಯೂ, ದಟ್ಟ ಹೊಲಿಗೆ ಬೀಳದಂತೆಯೂ ನೋಡಿಕೊಳ್ಳಿ. ಹತ್ತಿಯ ಒಡಲು ಮತ್ತು ರೇಷ್ಮೆಯಂಥ ನುಣುಪಿನ ಸೆರಗು ಜಗ್ಗುವ ರೀತಿಯೇ ಬೇರೆ ಬೇರೆ. ಎರಡರ ಮೇಲೂ ಹಾಯುವ ಬಳ್ಳಿಯಿದ್ದರೆ ಅದನ್ನು ಎರಡು ತುಂಡಾಗಿ ಪಂಚ್ ಮಾಡಿ, ಪ್ರತಿ ಭಾಗಕ್ಕೂ ಬೇರೆ ಅಳತೆ ಕೊಡುವುದು ಒಳ್ಳೆಯದು.

ಹಿಂಬದಿಯ ಪೇಪರ್ ಆರಿಸುವ ಸೂತ್ರ ಸರಳ. ಜಗ್ಗುವ ಬಟ್ಟೆಗೆ ಕತ್ತರಿಸಿ ತೆಗೆಯುವ ಪೇಪರ್, ಜಗ್ಗದ ಬಟ್ಟೆಗೆ ಹರಿದು ತೆಗೆಯುವ ಪೇಪರ್, ಹಿಂಬದಿ ಕಾಣಿಸುವ ಜಾರ್ಜೆಟ್ ಅಥವಾ ನೆಟ್‌ಗೆ ನೀರಿನಲ್ಲಿ ಕರಗುವ ಹಾಳೆ. ವೆಲ್ವೆಟ್ ಮತ್ತು ಟವೆಲ್‌ಗೆ ಮೇಲುಗಡೆಯೂ ಕರಗುವ ತೆಳು ಹಾಳೆ ಹಾಕಬೇಕು, ಇಲ್ಲದಿದ್ದರೆ ಹೊಲಿಗೆ ಜುಂಗಿನೊಳಗೆ ಮುಳುಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಈ ಕರಗುವ ಹಾಳೆ ಗಾಳಿಯ ತೇವಕ್ಕೇ ಮೆತ್ತಗಾಗಿ ಅಂಟಿಕೊಳ್ಳುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಯೇ ಇಡಿ.

ಪಂಚಿಂಗ್

ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ತಾನಾಗಿ ಹೊಲಿಗೆಯಾಗಿ ಬದಲಿಸುವ ಗುಂಡಿ ಇರುತ್ತದೆ. ಕಲಿಯುವ ಮೊದಲ ವರ್ಷ ಅದನ್ನು ಮುಟ್ಟಬೇಡಿ. ಅದು ಬಣ್ಣದ ಗಡಿ ನೋಡಿ ಹೊಲಿಗೆ ತುಂಬುತ್ತದೆ, ಬಟ್ಟೆ ಜಗ್ಗುವುದು ಅದಕ್ಕೆ ತಿಳಿಯದು.

ಮೂಲ ಹೊಲಿಗೆಗಳು ಮೂರೇ. ಗೆರೆಗೆ ರನ್ನಿಂಗ್, ದಂಟು ಮತ್ತು ಅಕ್ಷರಕ್ಕೆ ಸ್ಯಾಟಿನ್, ಅಗಲವಾದ ಜಾಗ ತುಂಬಲು ಟಟಾಮಿ. ರನ್ನಿಂಗ್ ಹೊಲಿಗೆಯ ಉದ್ದ ಸಾಮಾನ್ಯವಾಗಿ 2.5 ಮಿಲಿಮೀಟರ್ ಇಟ್ಟು, ತಿರುವುಗಳಲ್ಲಿ ಮಾತ್ರ ಕಡಿಮೆ ಮಾಡಿ. ಸ್ಯಾಟಿನ್ 1 ಮಿಲಿಮೀಟರ್‌ಗಿಂತ ಸಪೂರವಾದರೆ ದಾರ ಕಡಿಯುತ್ತದೆ, 7 ಮಿಲಿಮೀಟರ್‌ಗಿಂತ ಅಗಲವಾದರೆ ಬಳೆಗೂ ಉಂಗುರಕ್ಕೂ ಸಿಕ್ಕಿ ಎದ್ದುಬರುತ್ತದೆ. ಅಂಥ ಕಡೆ ನಡುವೆ ಒಡೆದ ಸ್ಯಾಟಿನ್ ಅಥವಾ ಟಟಾಮಿ ಬಳಸಬೇಕು.

ಹೊಲಿಗೆಯ ದಟ್ಟಣೆಯನ್ನು ಎರಡು ಸಾಲುಗಳ ನಡುವಿನ ಅಂತರವಾಗಿ ಅಳೆಯುತ್ತಾರೆ. 40 ನಂಬರ್ ದಾರಕ್ಕೆ 0.4 ಮಿಲಿಮೀಟರ್ ಅಂತರ ಸರಿಹೊಂದುತ್ತದೆ, ಏಕೆಂದರೆ ಆ ದಾರ ಬಟ್ಟೆಯ ಮೇಲೆ ಮಲಗಿದಾಗ ಸುಮಾರು ಅಷ್ಟೇ ಜಾಗ ಹಿಡಿಯುತ್ತದೆ. ಅಂಕಿ ಕಡಿಮೆಯಾದಂತೆ ಹೊಲಿಗೆ ದಟ್ಟವಾಗುತ್ತದೆ ಎಂಬುದನ್ನು ಹೊಸಬರು ತಿರುವುಮುರುವಾಗಿ ಹಿಡಿಯುವುದುಂಟು. ಹಗುರ ಮಾಡಲು ಹೋಗಿ 0.3 ಇಟ್ಟು, ಬಟ್ಟೆ ಹಲಗೆಯಂತೆ ಬಿರುಸಾದ ಮೇಲೆ ಏನಾಯಿತೆಂದು ಕೇಳುತ್ತಾರೆ.

ಅಂಡರ್‌ಲೇ, ಅಂದರೆ ಮೇಲಿನ ಹೊಲಿಗೆಗೆ ಮೊದಲು ಬೀಳುವ ಅಡಿಹೊಲಿಗೆಯನ್ನು ಎಂದೂ ಬಿಡಬೇಡಿ. ಅದು ಬಟ್ಟೆಯನ್ನು ಪೇಪರ್‌ಗೆ ಹಿಡಿದು ನಿಲ್ಲಿಸುತ್ತದೆ. ಮನೆಗೆ ಗಿಲಾವು ಮಾಡುವ ಮೊದಲು ಗೋಡೆಗೆ ನೀರು ಹೊಡೆಯದಿದ್ದರೆ ಏನಾಗುತ್ತದೆಯೋ ಅಡಿಹೊಲಿಗೆ ಇಲ್ಲದ ಸ್ಯಾಟಿನ್‌ಗೂ ಅದೇ ಆಗುತ್ತದೆ. ಸಪೂರ ದಂಟಿಗೆ ನಡುಗೆರೆ, 2 ಮಿಲಿಮೀಟರ್ ದಾಟಿದ ದಂಟಿಗೆ ಅಂಚುಗೆರೆ, ಅಗಲವಾದುದಕ್ಕೆ ಅಂಚುಗೆರೆಯ ಜೊತೆಗೆ ಅಂಕುಡೊಂಕಿನ ಅಡಿಹೊಲಿಗೆ ಕೊಡಿ.

ಹೊಲಿಗೆ ಬಟ್ಟೆಯನ್ನು ತನ್ನ ಉದ್ದದ ದಿಕ್ಕಿಗೆ ಒಳಕ್ಕೆ ಎಳೆಯುತ್ತದೆ, ಅಡ್ಡ ದಿಕ್ಕಿಗೆ ಹೊರಕ್ಕೆ ತಳ್ಳುತ್ತದೆ. ಪರದೆಯ ಮೇಲೆ ದುಂಡಗಿದ್ದ ಸೂರ್ಯ ಬಟ್ಟೆಯ ಮೇಲೆ ಮೊಟ್ಟೆಯಾಗುವುದು ಈ ಕಾರಣಕ್ಕೆ. ಇದನ್ನು ಸರಿದೂಗಿಸಲು ಪುಲ್ ಕಾಂಪೆನ್ಸೇಷನ್ ಎಂಬ ಹೆಚ್ಚುವರಿ ಅಗಲವನ್ನು ಗಟ್ಟಿ ಹತ್ತಿಗೆ 0.2, ಟೀ ಶರ್ಟಿಗೆ 0.4 ಮಿಲಿಮೀಟರ್‌ವರೆಗೆ ಕೊಟ್ಟು ನೋಡಿ. ಹೊಲಿಗೆಯ ಕ್ರಮವನ್ನು ನಡುವಿನಿಂದ ಹೊರಗೆ, ಹಿನ್ನೆಲೆಯಿಂದ ಮುನ್ನೆಲೆಗೆ ಇಟ್ಟುಕೊಂಡು, ಅಂಚಿನ ಗೆರೆಯನ್ನು ಅದರ ಬಣ್ಣ ತುಂಬಿದ ತಕ್ಷಣವೇ ಹಾಕಿಬಿಡಿ. ಕೊನೆಗೆಂದು ಉಳಿಸಿದರೆ ಅಷ್ಟರಲ್ಲಿ ಬಟ್ಟೆ ಸರಿದು ಬಣ್ಣಕ್ಕೂ ಅಂಚಿಗೂ ನಡುವೆ ಸಂದು ಬೀಳುತ್ತದೆ.

ಫೈಲನ್ನು ಎರಡು ರೂಪದಲ್ಲಿ ಉಳಿಸಬೇಕು. ತಿದ್ದಲು ಬರುವ ಮೂಲ ಫೈಲ್ ವಿಲ್ಕಾಮ್‌ನಲ್ಲಾದರೆ ಇಎಂಬಿ; ಮಷಿನ್‌ಗೆ ಹೋಗುವುದು ಹೆಚ್ಚಾಗಿ ಡಿಎಸ್‌ಟಿ. ಡಿಎಸ್‌ಟಿಯಲ್ಲಿ ಸೂಜಿಯ ಚಲನೆ ಮತ್ತು ನಿಲುಗಡೆ ಮಾತ್ರ ಇರುತ್ತವೆ, ಬಣ್ಣದ ವಿವರ ಇರುವುದಿಲ್ಲ. ಆದ್ದರಿಂದ ಬಣ್ಣದ ಕ್ರಮವನ್ನು ಮುದ್ರಿಸಿ ಆಪರೇಟರ್ ಕೈಗೆ ಕೊಡದಿದ್ದರೆ ನವಿಲಿನ ಕತ್ತು ಕೆಂಪಾಗಿ ಬಂದರೂ ಅವರ ತಪ್ಪೇನಿಲ್ಲ. ಡಿಎಸ್‌ಟಿಯನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಬೇಡ. ಅಳತೆ ಬದಲಾದರೆ ಮೂಲ ಫೈಲಿಗೇ ಹಿಂತಿರುಗಿ.

ಕನ್ನಡ ಅಕ್ಷರಗಳನ್ನು ಹಾಕುವಾಗ

ಶಾಲೆಯ ಸಮವಸ್ತ್ರ, ದೇವರ ವಸ್ತ್ರ, ಸಂಘದ ಶಾಲು ಎಂದು ಕನ್ನಡದಲ್ಲಿ ಹೆಸರು ಹಾಕುವ ಕೆಲಸ ವರ್ಷವಿಡೀ ಬರುತ್ತದೆ, ಮತ್ತು ಅದನ್ನು ಚೆನ್ನಾಗಿ ಮಾಡುವವರು ಕಡಿಮೆ. ಎಂಬ್ರಾಯಿಡರಿ ಸಾಫ್ಟ್‌ವೇರ್ ಜೊತೆಗೆ ಬರುವ ಸಿದ್ಧ ಅಕ್ಷರಗಳು ಸಾಮಾನ್ಯವಾಗಿ ಇಂಗ್ಲಿಷ್ ಲಿಪಿಯವು. ಕನ್ನಡದ ಫಾಂಟನ್ನು ತಾನಾಗಿ ಹೊಲಿಗೆಗೆ ಬದಲಿಸಿದರೆ ತಲೆಕಟ್ಟು ಒಂದು ಕಡೆ, ಒಡಲು ಇನ್ನೊಂದು ಕಡೆ ತುಂಡಾಗಿ, ಪ್ರತಿ ತುಂಡಿಗೂ ದಾರ ಕತ್ತರಿಸಿಕೊಂಡು ಮಷಿನ್ ನಿಂತು ನಿಂತು ಓಡುತ್ತದೆ.

ನನ್ನ ಕ್ರಮ ಇದು. ಅಕ್ಷರವನ್ನು ಪರದೆಯ ಮೇಲೆ ಹಿನ್ನೆಲೆಯಾಗಿ ಇಟ್ಟು, ನಾವು ಪಾಟಿಯ ಮೇಲೆ ಬರೆಯುವ ದಾರಿಯಲ್ಲಿಯೇ ಸ್ಯಾಟಿನ್ ದಂಟನ್ನು ಎಳೆಯುತ್ತಾ ಹೋಗುತ್ತೇನೆ. ಕೈ ಎತ್ತದೆ ಬರೆಯುವ ಅಕ್ಷರ ದಾರ ಕತ್ತರಿಸದೆ ಹೊಲಿಯಲು ಬರುತ್ತದೆ. ತಿರುವಿನ ಒಳಭಾಗದಲ್ಲಿ ಹೊಲಿಗೆಗಳು ಒತ್ತೊತ್ತಾಗಿ ಸೇರುವುದರಿಂದ ಅಲ್ಲಿ ಕೆಲವನ್ನು ಗಿಡ್ಡ ಮಾಡುವ ಆಯ್ಕೆಯನ್ನು ತೆರೆದಿಡಬೇಕು. ‘ತ’, ‘ಠ’, ‘ಥ’, ‘ಧ’ಗಳ ಒಳಗಿನ ಬಿಡುವು ಮೊದಲು ಮುಚ್ಚಿಹೋಗುತ್ತದೆ, ಆದ್ದರಿಂದ ಅವುಗಳ ಹೊಟ್ಟೆಯನ್ನು ಫಾಂಟಿನಲ್ಲಿ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಬಿಡುತ್ತೇನೆ. ‘ಥ’ದ ಹೊಟ್ಟೆಯೊಳಗಿನ ಚುಕ್ಕೆ ಕಳೆದುಹೋದರೆ ಅದು ‘ಧ’ ಆಗಿಬಿಡುತ್ತದೆ, ಹೆಸರೇ ತಪ್ಪಾಗುತ್ತದೆ. ಮಹಾಪ್ರಾಣದ ಸೀಳು ಮತ್ತು ಅರ್ಕಾವತ್ತು ಬಿಡಿಯಾಗಿ ಕಾಣುವಂತೆ ಕನಿಷ್ಠ 0.8 ಮಿಲಿಮೀಟರ್ ಖಾಲಿ ಜಾಗ ಇರಲೇಬೇಕು.

40 ನಂಬರ್ ದಾರದಲ್ಲಿ ಇಂಗ್ಲಿಷ್ ಅಕ್ಷರ 5 ಮಿಲಿಮೀಟರ್ ಎತ್ತರಕ್ಕೂ ಓದಲು ಬರುತ್ತದೆ. ಒತ್ತಕ್ಷರವಿರುವ ಕನ್ನಡ ಪದಕ್ಕೆ 10 ಮಿಲಿಮೀಟರ್‌ಗಿಂತ ಕಡಿಮೆ ಎತ್ತರವನ್ನು ನಾನು ಒಪ್ಪುವುದಿಲ್ಲ. ಅದಕ್ಕಿಂತ ಸಣ್ಣದೇ ಬೇಕೆಂದು ಹಟ ಹಿಡಿದರೆ 60 ನಂಬರ್‌ನ ಸಪೂರ ದಾರ ಮತ್ತು 65/9 ಅಳತೆಯ ಸಪೂರ ಸೂಜಿ ಹಾಕಿ ಸ್ಯಾಂಪಲ್ ತೋರಿಸಿ, ಗಿರಾಕಿಯೇ ಓದಿ ಒಪ್ಪಿದ ಮೇಲೆ ಮುಂದುವರಿಯಿರಿ. ಹೆಸರುಗಳ ಕಾಗುಣಿತವನ್ನು ಗಿರಾಕಿಯಿಂದ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಕಡ್ಡಾಯ. ದೇವಸ್ಥಾನಕ್ಕೆ ಹೋಗುವ ವಸ್ತ್ರದಲ್ಲಿ ಒಂದು ದೀರ್ಘ ತಪ್ಪಿದರೂ ಅದನ್ನು ಬಿಚ್ಚಿ ಸರಿಪಡಿಸಲು ಆಗುವುದಿಲ್ಲ, ಸೂಜಿಯ ರಂಧ್ರ ಉಳಿದೇ ಉಳಿಯುತ್ತದೆ.

ಕಸೂತಿಯ ನಮೂನೆಗಳು ಬಂದಾಗ

ಗೋಪುರ, ತೇರು, ಆನೆ, ತುಳಸಿಕಟ್ಟೆ, ನವಿಲು ಹಾಕಿಕೊಡಿ ಎಂದು ಕೇಳದ ಡಿಸೈನರ್ ನಮ್ಮ ಭಾಗದಲ್ಲಿ ಇಲ್ಲ. ಮಷಿನ್‌ನಲ್ಲಿ ಇವನ್ನು ಹಾಕುವಾಗ ಟಟಾಮಿ ತುಂಬಬೇಡಿ. ತುಂಬಿದ ಕೂಡಲೇ ಆನೆ ಸ್ಟಿಕ್ಕರ್‌ನಂತೆ ಕಾಣುತ್ತದೆ. ಪರದೆಯ ಮೇಲೆ 2 ಅಥವಾ 2.5 ಮಿಲಿಮೀಟರ್‌ನ ಚೌಕಗಳ ಜಾಲ ತೆರೆದು, ಪ್ರತಿ ಹೊಲಿಗೆಯೂ ಚೌಕದ ಮೂಲೆಯಲ್ಲಿಯೇ ಇಳಿಯುವಂತೆ ಒಂದೊಂದಾಗಿ ಕೈಯಿಂದ ಇಡಿ. ಗೆರೆಗಳು ಅಡ್ಡ, ಉದ್ದ ಮತ್ತು ಸರಿಯಾದ ಓರೆ ಈ ದಿಕ್ಕುಗಳಲ್ಲಿ ಮಾತ್ರ ಇರಲಿ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಹೊರಟಲ್ಲಿಗೇ ಮರಳುತ್ತಾರೆ. ಮಷಿನ್‌ನಲ್ಲಿ ಅದೇ ಗೆರೆಯ ಮೇಲೆ ಎರಡು ಸಲ ಹಾಯಿಸಿದರೆ ಗೆರೆಯ ದಪ್ಪ ಹತ್ತಿರಹತ್ತಿರ ಬರುತ್ತದೆ. ದಾರಿಯನ್ನು ಮೊದಲು ಕಾಗದದ ಮೇಲೆ ಬಿಡಿಸಿಕೊಂಡರೆ ಒಂದು ಕಡೆಯೂ ದಾರ ಕತ್ತರಿಸದೆ ಇಡೀ ಗೋಪುರ ಮುಗಿಸಬಹುದು.

ನಾನು ಇಂಥ ಮೊದಲ ಸ್ಯಾಂಪಲ್ ತೆಗೆದಾಗ, ಜೀವಮಾನವೆಲ್ಲ ಕಸೂತಿ ಹಾಕಿದ್ದ ಓಣಿಯ ಹಿರಿಯರೊಬ್ಬರಿಗೆ ತೋರಿಸಲು ಒಯ್ದಿದ್ದೆ. ಅವರು ಕನ್ನಡಕ ಏರಿಸಿಕೊಂಡು, ಮುಂದಿನ ಭಾಗವನ್ನು ನೋಡಿಯೂ ನೋಡದಂತೆ, “ತಿರುವಿ ಹಾಕವಾ, ಹಿಂದ ಹೆಂಗ ಬಂದೈತಿ ನೋಡೂಣು” ಎಂದರು. ಹಿಂದೆ ಬಾಬಿನ್ನಿನ, ಅಂದರೆ ಮಷಿನ್‌ನ ಕೆಳಗಿನ ಸಣ್ಣ ಉರುಳೆಯ, ಬಿಳಿ ದಾರ ಸಾಲಾಗಿ ಕಾಣುತ್ತಿತ್ತು. ಗವಂತಿಗೆ ಹಿಂದು ಮುಂದು ಎಂಬುದಿಲ್ಲ, ಎರಡು ಕಡೆಯೂ ಒಂದೇ. “ಮಷಿನ್ನಿಂದು ಚಲೋ ಐತಿ, ಖರೆ ಇದಕ್ಕ ಕಸೂತಿ ಅನಬ್ಯಾಡ್ರಿ” ಎಂದು ಬಟ್ಟೆಯನ್ನು ನನ್ನ ಕೈಗೇ ಮರಳಿಸಿದರು. ಆ ಮೇಲೆ ಬಾಬಿನ್ನಿಗೂ ಮೇಲಿನದೇ ಬಣ್ಣದ ದಾರ ಸುತ್ತಿ ಹಿಂಬದಿಯನ್ನು ಸಾಕಷ್ಟು ಸುಧಾರಿಸಿದೆ. ಆದರೆ ಅವರ ಮಾತಿನ ಎರಡನೇ ಭಾಗವನ್ನು ಬದಲಿಸಲು ಯಾವ ಬಾಬಿನ್ನಿಗೂ ಆಗದು. ಕರ್ನಾಟಕ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಮಷಿನ್ ಕೆಲಸಕ್ಕೆ ಕಸೂತಿ ಎಂದು ಚೀಟಿ ಅಂಟಿಸಿ ಮಾರುವುದು ಗಿರಾಕಿಗೂ ಕೈಕೆಲಸದವರಿಗೂ ಮಾಡುವ ಮೋಸ. ನಿಮ್ಮ ಕಂಪನಿ ಹಾಗೆ ಬರೆಯಲು ಹೇಳಿದರೆ ‘ಕಸೂತಿ ನಮೂನೆಯ ಮಷಿನ್ ಎಂಬ್ರಾಯಿಡರಿ’ ಎಂದು ಬರೆದುಕೊಡಿ, ಅದಕ್ಕಿಂತ ಮುಂದೆ ಹೋಗಬೇಡಿ.

ಸ್ಯಾಂಪಲ್ ತೆಗೆಯುವುದು

ಸ್ಯಾಂಪಲ್‌ಗೆ ಕೊನೆಯಲ್ಲಿ ಬಳಸುವ ಬಟ್ಟೆ, ಅದೇ ದಾರ, ಅದೇ ಪೇಪರ್, ಅದೇ ವೇಗ ಇರಬೇಕು. ಫ್ರೇಮ್ ಹಾಕುವಾಗ ಬಟ್ಟೆ ಬಿಗಿಯಾಗಿರಬೇಕು, ಆದರೆ ಜಗ್ಗಿರಬಾರದು. ಜಗ್ಗಿಸಿ ಹಾಕಿದ ಬಟ್ಟೆ ಫ್ರೇಮ್‌ನಿಂದ ಹೊರಬಂದೊಡನೆ ತನ್ನ ಅಳತೆಗೆ ಮರಳುತ್ತದೆ, ಹೊಲಿಗೆ ಮರಳುವುದಿಲ್ಲ, ನೆರಿಗೆ ಬೀಳುತ್ತದೆ.

ತೆಗೆದ ಮೇಲೆ ಆ ಹಿರಿಯರು ಮಾಡಿದಂತೆ ಮೊದಲು ತಿರುವಿ ನೋಡಿ. ಸ್ಯಾಟಿನ್ ದಂಟಿನ ಹಿಂಬದಿಯಲ್ಲಿ ನಡುವಿನ ಮೂರನೇ ಒಂದು ಭಾಗ ಬಾಬಿನ್ ದಾರವೂ ಎರಡೂ ಅಂಚಿನಲ್ಲಿ ಮೇಲಿನ ದಾರವೂ ಕಂಡರೆ ಟೆನ್ಷನ್, ಅಂದರೆ ದಾರದ ಬಿಗಿ, ಸರಿಯಾಗಿದೆ. ಬಾಬಿನ್ ದಾರವೇ ಕಾಣದಿದ್ದರೆ ಮೇಲಿನ ದಾರ ಸಡಿಲ. ಬಾಬಿನ್ ದಾರ ಮುಂಭಾಗಕ್ಕೆ ಇಣುಕಿದರೆ ಮೇಲಿನದು ಬಿಗಿ, ಇಲ್ಲವೇ ಬಾಬಿನ್ ಸಡಿಲ. ಬಾಬಿನ್ ಕೇಸನ್ನು ದಾರದ ತುದಿಯಿಂದ ತೂಗುಬಿಟ್ಟು ಕೈಯನ್ನು ಸ್ವಲ್ಪ ಕುಲುಕಿದಾಗ ಅದು ಕೆಲವು ಸೆಂಟಿಮೀಟರ್ ಇಳಿದು ನಿಲ್ಲಬೇಕು. ಸರಸರನೆ ಇಳಿದರೆ ಸ್ಕ್ರೂವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ.

ನೆರಿಗೆ ಬಂದಾಗ ಫ್ರೇಮ್, ಪೇಪರ್, ದಟ್ಟಣೆ, ಟೆನ್ಷನ್ ಈ ಕ್ರಮದಲ್ಲಿ ಪರೀಕ್ಷಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದೆ ಮುಂದಿನ ವಾರ ಅದೇ ತೊಂದರೆಗೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಸ್ಯಾಂಪಲನ್ನು ಒಮ್ಮೆ ತೊಳೆದು ಇಸ್ತ್ರಿ ಮಾಡಿ ನೋಡದೆ ಡಿಸೈನರ್‌ಗೆ ಕೊಡಬೇಡಿ.

ಮಷಿನ್ ಓಡುವಾಗ

ಮಷಿನ್ ಆಪರೇಟರ್ ಬೇರೆಯವರಿದ್ದರೂ ಸೂಜಿಯ ವಿಷಯ ನಿಮಗೆ ಗೊತ್ತಿರಬೇಕು. 75/11 ಎಂದರೆ ಸೂಜಿಯ ದಪ್ಪ 0.75 ಮಿಲಿಮೀಟರ್; ಹೆಚ್ಚಿನ ಕೆಲಸಕ್ಕೆ ಅದು ಸಾಕು. ಹೆಣೆದ ಬಟ್ಟೆಗೆ ದುಂಡು ಮೊನೆ, ನೇಯ್ದ ಬಟ್ಟೆಗೆ ಚೂಪು ಮೊನೆ. ಜರಿದಾರಕ್ಕೆ ಕಣ್ಣು ದೊಡ್ಡದಿರುವ 90/14 ಸೂಜಿ ಹಾಕಿ, ನಿಮಿಷಕ್ಕೆ 800 ಹೊಲಿಗೆಯ ವೇಗವನ್ನು 500ರಿಂದ 600ಕ್ಕೆ ಇಳಿಸಿ. ಜರಿ ಪದೇ ಪದೇ ತುಂಡಾಗುತ್ತಿದ್ದರೆ ಮೇಲಿನ ಟೆನ್ಷನ್ ಸಡಿಲಿಸಿ, ರೀಲನ್ನು ಮಷಿನ್‌ನಿಂದ ಒಂದಷ್ಟು ದೂರ ಇಡಿ. ದಾರ ಬಿಚ್ಚಿಕೊಂಡು ಬರುವಾಗ ಅದರ ತಿರುಚು ಬಿಡಿಸಿಕೊಳ್ಳಲು ಜಾಗ ಸಿಗುತ್ತದೆ.

ಕರೆಂಟ್ ಹೋದಾಗ ಮಷಿನ್ ನಿಂತ ಜಾಗವನ್ನು ನೆನಪಿಟ್ಟುಕೊಂಡರೂ ಹತ್ತಿಪ್ಪತ್ತು ಹೊಲಿಗೆ ಹಿಂದಕ್ಕೆ ಹೋಗಿ ಶುರು ಮಾಡುವುದು ಸುರಕ್ಷಿತ, ಇಲ್ಲವಾದರೆ ಆ ಜಾಗದಲ್ಲಿ ದಾರ ಬಿಚ್ಚಿಕೊಳ್ಳುತ್ತದೆ. ಫ್ರೇಮನ್ನು ಮಾತ್ರ ಯಾರೂ ಅಲುಗಿಸಬಾರದು.

ಸಮಯ ಮತ್ತು ದರ

ದರವನ್ನು ಸಾವಿರ ಹೊಲಿಗೆಗೆ ಇಷ್ಟು ಎಂದು ಹೇಳುವುದು ರೂಢಿ. ಸಮಯದ ಲೆಕ್ಕಕ್ಕೆ ಅಷ್ಟು ಸಾಲದು. 18,000 ಹೊಲಿಗೆಯ ತೋಳಿನ ಡಿಸೈನ್ ನಿಮಿಷಕ್ಕೆ 750ರ ವೇಗದಲ್ಲಿ 24 ನಿಮಿಷ ತೆಗೆದುಕೊಳ್ಳುತ್ತದೆ ಎಂದು ಕಾಗದ ಹೇಳುತ್ತದೆ. ಅದರಲ್ಲಿ 9 ಸಲ ಬಣ್ಣ ಬದಲಾಗಿ 40 ಕಡೆ ದಾರ ಕತ್ತರಿಸುವುದಿದ್ದರೆ, ಪ್ರತಿಯೊಂದಕ್ಕೆ 8 ಸೆಕೆಂಡ್ ಹಿಡಿದರೂ ಇನ್ನೂ ಆರೂವರೆ ನಿಮಿಷ ಸೇರುತ್ತದೆ. ಫ್ರೇಮ್ ಹಾಕಿ ತೆಗೆಯಲು ನಾಲ್ಕು ನಿಮಿಷ. ಹೀಗೆ ಒಂದು ತೋಳಿಗೆ 35 ನಿಮಿಷವೆಂದು ಹೇಳಿದರೆ ಮದುವೆಯ ಹಂಗಾಮಿನಲ್ಲೂ ಮಾತಿಗೆ ತಪ್ಪುವ ಪ್ರಸಂಗ ಬಾರದು. ಫೈಲಿನಲ್ಲಿ ದಾರ ಕತ್ತರಿಸುವ ಜಾಗಗಳನ್ನು 40ರಿಂದ 15ಕ್ಕೆ ಇಳಿಸಿದರೆ ಪ್ರತಿ ತೋಳಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಉಳಿಯುತ್ತದೆ. ನೂರು ನಗದ ಕೆಲಸದಲ್ಲಿ ಅದು ಎಷ್ಟಾಗುತ್ತದೆ ಎಂದು ಮಾಲೀಕರಿಗೆ ಲೆಕ್ಕ ಮಾಡಿ ತೋರಿಸಿ. ಸಂಬಳ ಹೆಚ್ಚಿಸಿ ಎಂದು ಕೇಳಲು ಅದಕ್ಕಿಂತ ಗಟ್ಟಿಯಾದ ಆಧಾರವಿಲ್ಲ.

ಸಂಬಳದ ಮಾತಾಡುವಾಗ ಸ್ಯಾಂಪಲ್‌ಗೆ ಹೋಗುವ ಸಮಯವೂ ಕೆಲಸದ ಸಮಯವೇ ಎಂದು ಮೊದಲೇ ಒಪ್ಪಿಸಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಇಎಸ್‌ಐ, ಇಪ್ಪತ್ತು ಅಥವಾ ಹೆಚ್ಚು ಜನರಿರುವಲ್ಲಿ ಪಿಎಫ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ದಾಖಲೆ

ಪ್ರತಿ ಕೆಲಸಕ್ಕೂ ಅಂಗೈಯಗಲದ ಒಂದು ಕಾರ್ಡು ಮಾಡಿ. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ಬಟ್ಟೆ, ಅಗಲ, ಎಷ್ಟನೇ ತಿದ್ದುಪಡಿ ಎಂಬುದು ಇರಲಿ. ‘ಹೊಸದು’, ‘ಕಡೇದು’, ‘ಕಡೇದು ಎರಡು’ ಎಂದು ಹೆಸರಿಟ್ಟ ಫೈಲುಗಳ ನಡುವೆ ಸರಿಯಾದದ್ದನ್ನು ಹುಡುಕುತ್ತಾ ಸಂಜೆ ಕಳೆದವರನ್ನು ನಾನು ಬಹಳ ಕಂಡಿದ್ದೇನೆ. ಕಾರ್ಡಿನ ಮುಂಭಾಗದಲ್ಲಿ ಸೂಜಿ, ದಾರದ ಕಂಪನಿ ಮತ್ತು ಬಣ್ಣದ ನಂಬರ್, ಪೇಪರ್, ವೇಗ, ಒಟ್ಟು ಹೊಲಿಗೆ ಬರೆಯಿರಿ. ಹಿಂಭಾಗಕ್ಕೆ ಸ್ಯಾಂಪಲಿನ ಒಂದು ತುಂಡನ್ನು ಪಿನ್ ಮಾಡಿ, ತಪ್ಪಿ ಬಂದದ್ದನ್ನೂ ಅದರ ಪಕ್ಕದಲ್ಲೇ ಇಡಿ. ನನ್ನ ಡಬ್ಬಿಯ ಮೊದಲ ಕಾರ್ಡಿಗೆ ಆ ಖಣದ ಅಂಚಿನಿಂದ ಉಳಿದ ಎರಡು ಬೆರಳಗಲದ ತುಂಡು ಇಂದಿಗೂ ಅಂಟಿಕೊಂಡಿದೆ, ಕೆಳಗೆ 0.35 ಅಂತರ, 90/14 ಸೂಜಿ, ಸ್ಯಾಂಪಲ್ ಇಲ್ಲ ಎಂದು ಬರೆದಿದೆ.